ದಿನಗಳೇ, ವಾರಗಳೇ, ತಿಂಗಳುಗಳೇ? ಮುಂದುವರಿದ ಕ್ಯಾನ್ಸರ್ ಇರುವ ಒಳರೋಗಿಯ ಉಳಿದ ಆಯುಷ್ಯವನ್ನು ಅಂದಾಜಿಸುವ ವಿಧಾನಗಳ ಹೋಲಿಕೆ

ಮುಂದುವರಿದ ಕ್ಯಾನ್ಸರ್ ಇರುವವರು ಆಸ್ಪತ್ರೆಗೆ ದಾಖಲಾದಾಗ ಅವರ ಮುಂದೆಯೂ ಮನೆಯವರ ಮುಂದೆಯೂ ಹಲವು ತೀರ್ಮಾನಗಳು ಒಟ್ಟಿಗೇ ಬಂದು ನಿಲ್ಲುತ್ತವೆ. ಇನ್ನೊಂದು ಸುತ್ತು ಕೀಮೋಥೆರಪಿ ಕೊಡುವುದೇ, ಉಸಿರಾಟ ಕೆಟ್ಟರೆ ತೀವ್ರ ನಿಗಾ ಘಟಕಕ್ಕೆ ಒಯ್ಯುವುದೇ, ಮನೆಗೆ ಹೋಗಬೇಕೆನ್ನುವವರನ್ನು ಇಂದೇ ಕಳಿಸುವುದೇ, ದೂರದಲ್ಲಿರುವ ಮಗಳು ಈಗಲೇ ಹೊರಡಬೇಕೇ ಅಥವಾ ಮುಂದಿನ ತಿಂಗಳು ಬಂದರೆ ಸಾಕೇ ಎಂಬ ಪ್ರಶ್ನೆಗಳಿಗೆಲ್ಲ ಉತ್ತರ ಸಿಗುವುದು ಉಳಿದಿರುವ ಕಾಲದ ಅಂದಾಜಿನಿಂದ. ಆ ಅಂದಾಜನ್ನು ಯಾರೂ ಮಾಡದೆ ಬಿಟ್ಟರೆ ತೀರ್ಮಾನ ನಿಲ್ಲುವುದಿಲ್ಲ. ಯಾರೂ ಬಯಸದ ರೀತಿಯಲ್ಲಿ, ರಾತ್ರಿ ಪಾಳಿಯಲ್ಲಿ, ರೋಗಿಯನ್ನು ಹಿಂದೆಂದೂ ನೋಡದ ವೈದ್ಯರ ಕೈಯಲ್ಲಿ ಅದು ಆಗಿಬಿಡುತ್ತದೆ.

ಈ ಅಂದಾಜಿಗೆ ಇಂದು ಹತ್ತಕ್ಕೂ ಹೆಚ್ಚು ವಿಧಾನಗಳಿವೆ. ಪ್ರತಿಯೊಂದರ ಪರವಾಗಿಯೂ ನಿಖರತೆಯ ಅಂಕಿಗಳನ್ನು ತೋರಿಸಲಾಗುತ್ತದೆ, ಆದರೆ ಆ ಅಂಕಿಗಳನ್ನು ಅಕ್ಕಪಕ್ಕದಲ್ಲಿಟ್ಟು ದೊಡ್ಡದನ್ನು ಆರಿಸಿಕೊಳ್ಳುವುದು ಸರಿಯಾದ ದಾರಿಯಲ್ಲ. ಇವುಗಳಲ್ಲಿ ಹೆಚ್ಚಿನವು ಹುಟ್ಟಿದ್ದು ಹಾಸ್ಪಿಸ್‌ಗಳಲ್ಲಿ (ಕೊನೆಗಾಲದ ಆರೈಕೆಯ ಮನೆಗಳಲ್ಲಿ) ಮತ್ತು ನೋವು, ತೊಂದರೆಗಳನ್ನು ತಗ್ಗಿಸುವ ಉಪಶಾಮಕ ಆರೈಕೆಯ ಘಟಕಗಳಲ್ಲಿ, ಅಂದರೆ ರೋಗವನ್ನು ಹಿಮ್ಮೆಟ್ಟಿಸುವ ಚಿಕಿತ್ಸೆ ಆಗಲೇ ನಿಂತಿದ್ದವರ ನಡುವೆ. ಆಸ್ಪತ್ರೆಯ ಸಾಮಾನ್ಯ ವಾರ್ಡಿಗೆ ಬಂದವರು ಹಾಗಲ್ಲ. ಅವರಲ್ಲಿ ಕೆಲವರು ಕ್ಯಾನ್ಸರ್‌ನಿಂದಲೇ ಕುಸಿಯುತ್ತಿದ್ದರೆ, ಇನ್ನು ಕೆಲವರು ಸೋಂಕಿನಿಂದಲೋ, ಔಷಧಿಯ ಪರಿಣಾಮದಿಂದಲೋ, ರಕ್ತದಲ್ಲಿ ಕ್ಯಾಲ್ಸಿಯಂ ಏರಿದ್ದರಿಂದಲೋ ಬಳಲುತ್ತಿರುತ್ತಾರೆ, ಮತ್ತು ಹೊರನೋಟಕ್ಕೆ ಇಬ್ಬರೂ ಒಂದೇ ರೀತಿ ಕಾಣುತ್ತಾರೆ. ಹಾಗಾಗಿ ಯಾವ ವಿಧಾನ ಉತ್ತಮ ಎನ್ನುವುದಕ್ಕಿಂತ ಮೊದಲು ಯಾವ ತೀರ್ಮಾನಕ್ಕಾಗಿ ಅಂದಾಜು ಬೇಕು, ಈ ರೋಗಿಯಲ್ಲಿ ಸರಿಪಡಿಸಬಹುದಾದದ್ದು ಏನಾದರೂ ಉಳಿದಿದೆಯೇ ಎಂಬ ಎರಡು ಪ್ರಶ್ನೆಗಳನ್ನು ಕೇಳಿಕೊಳ್ಳಬೇಕು.

ಮೊದಲ ಪ್ರಶ್ನೆಗೆ ಸಾಮಾನ್ಯವಾಗಿ ಮೂರು ಬಗೆಯ ಉತ್ತರಗಳಿರುತ್ತವೆ. ಮನೆಯವರನ್ನು ಈಗಲೇ ಕರೆಸಬೇಕೇ, ಅನಗತ್ಯ ರಕ್ತಪರೀಕ್ಷೆಗಳನ್ನು ನಿಲ್ಲಿಸಬೇಕೇ ಎಂಬುದಾದರೆ ಬೇಕಾದದ್ದು ಮೂರು ದಿನಗಳ ಅಂದಾಜು. ಮನೆಗೋ ಹಾಸ್ಪಿಸ್‌ಗೋ ಕಳಿಸುವುದು, ವಿಕಿರಣ ಚಿಕಿತ್ಸೆಯ ಪರಿಣಾಮ ಕಾಣುವಷ್ಟು ಸಮಯ ಇದೆಯೇ ಎಂದು ನೋಡುವುದು ಮೂರರಿಂದ ಆರು ವಾರಗಳ ಲೆಕ್ಕ. ಕೀಮೋಥೆರಪಿಯ ಮುಂದಿನ ಹಂತದ ಬಗ್ಗೆ ಯೋಚಿಸುವುದಾದರೆ ತಿಂಗಳುಗಳ ಲೆಕ್ಕ. ಮೂರಕ್ಕೂ ಸಲ್ಲುವ ಒಂದೇ ವಿಧಾನ ಇಲ್ಲ.

ವೈದ್ಯರ ಸ್ವಂತ ಅಂದಾಜು

ಎಲ್ಲ ಕಡೆ ಬಳಕೆಯಲ್ಲಿರುವುದು, ಏನೂ ಖರ್ಚಿಲ್ಲದ್ದು, ಕ್ಷಣದಲ್ಲಿ ಮುಗಿಯುವಂಥದ್ದು ಇದು. ಇದರ ದೋಷವೂ ಚೆನ್ನಾಗಿ ದಾಖಲಾಗಿದೆ: ವೈದ್ಯರು ಆಶಾವಾದಿಗಳು. 2000ನೇ ಇಸವಿಯಲ್ಲಿ ಬ್ರಿಟಿಷ್ ಮೆಡಿಕಲ್ ಜರ್ನಲ್‌ನಲ್ಲಿ ಪ್ರಕಟವಾದ ನಿಕೊಲಸ್ ಕ್ರಿಸ್ಟಾಕಿಸ್ ಮತ್ತು ಎಲಿಜಬೆತ್ ಲಾಮೊಂಟ್ ಅವರ ಅಧ್ಯಯನದಲ್ಲಿ 343 ವೈದ್ಯರು 468 ರೋಗಿಗಳ ಬಗ್ಗೆ ಅಂದಾಜು ಹೇಳಿದ್ದರು. ಅವುಗಳಲ್ಲಿ ಶೇಕಡ 20ರಷ್ಟು ಮಾತ್ರ ಸರಿಯಾಗಿದ್ದವು, ಶೇಕಡ 63ರಷ್ಟು ವಾಸ್ತವಕ್ಕಿಂತ ಹೆಚ್ಚಿನ ಆಯುಷ್ಯವನ್ನು ಹೇಳಿದ್ದವು. ರೋಗಿಯೊಂದಿಗೆ ವೈದ್ಯರ ಒಡನಾಟ ಹಳೆಯದಾದಷ್ಟೂ ಅಂದಾಜು ಹೆಚ್ಚು ತಪ್ಪಿತ್ತು ಎಂಬ ಅಂಶ ನನಗೆ ಆ ಅಧ್ಯಯನದ ಅತ್ಯಂತ ಮುಖ್ಯ ಪಾಠವಾಗಿ ಕಾಣುತ್ತದೆ. ವರ್ಷಗಟ್ಟಲೆ ಒಬ್ಬರನ್ನು ನೋಡಿಕೊಂಡ ವೈದ್ಯರಿಗೆ ಅವರ ಸಾವನ್ನು ಹತ್ತಿರದಲ್ಲಿ ಕಾಣುವುದು ಕಷ್ಟ. ಇದು ಅಸಡ್ಡೆಯಿಂದ ಆಗುವ ತಪ್ಪಲ್ಲ, ಅಕ್ಕರೆಯಿಂದ ಆಗುವ ತಪ್ಪು. ಆದ್ದರಿಂದ ಅಂದಾಜು ಕೇಳುವಾಗ ಹಳೆಯ ವೈದ್ಯರ ಜೊತೆಗೆ, ರೋಗಿಯನ್ನು ಹೊಸದಾಗಿ ನೋಡಿದ ಇನ್ನೊಬ್ಬರನ್ನೂ ಕೇಳುವುದು ಒಳ್ಳೆಯದು.

ಹಾಗೆಂದು ಈ ವಿಧಾನವನ್ನು ತಳ್ಳಿಹಾಕುವಂತಿಲ್ಲ. 2003ರಲ್ಲಿ ಪಾಲ್ ಗ್ಲೇರ್ ಮತ್ತು ಸಂಗಡಿಗರು ಎಂಟು ಅಧ್ಯಯನಗಳ 1,563 ರೋಗಿಗಳ ಮಾಹಿತಿಯನ್ನು ಒಟ್ಟುಗೂಡಿಸಿ ನೋಡಿದಾಗ, ವೈದ್ಯರು ಹೇಳಿದ ಅವಧಿಯ ಮಧ್ಯಾಂಕ (ಸಾಲಾಗಿ ಜೋಡಿಸಿದಾಗ ನಡುವೆ ಬರುವ ಅಂಕಿ) 42 ದಿನಗಳಾಗಿದ್ದರೆ ರೋಗಿಗಳು ಬದುಕಿದ್ದ ಅವಧಿಯ ಮಧ್ಯಾಂಕ 29 ದಿನಗಳಾಗಿತ್ತು. ಅಂಕಿ ತಪ್ಪಿತ್ತು, ಆದರೆ ಕ್ರಮ ಸರಿಯಾಗಿತ್ತು: ಕಡಿಮೆ ಕಾಲ ಎಂದು ವೈದ್ಯರು ಹೇಳಿದವರು ನಿಜಕ್ಕೂ ಕಡಿಮೆ ಕಾಲ ಬದುಕಿದ್ದರು. ಯುರೋಪಿಯನ್ ಅಸೋಸಿಯೇಷನ್ ಫಾರ್ ಪ್ಯಾಲಿಯೇಟಿವ್ ಕೇರ್ 2005ರಲ್ಲಿ ಕೊಟ್ಟ ಶಿಫಾರಸು ಕೂಡ ಇದೇ ಧಾಟಿಯದು: ವೈದ್ಯರ ಅಂದಾಜು ಉಪಯುಕ್ತ, ಆದರೆ ಬೇರೆ ಅಂಶಗಳ ಜೊತೆಗೆ ಸೇರಿದಾಗ.

ಪ್ರಶ್ನೆಯನ್ನು ಕೇಳುವ ರೀತಿಯಿಂದಲೂ ಉತ್ತರದ ಗುಣಮಟ್ಟ ಬದಲಾಗುತ್ತದೆ. "ಇವರು ಎಷ್ಟು ದಿನ ಬದುಕುತ್ತಾರೆ?" ಎಂದು ಕೇಳುವುದು ಒಂದು ರೀತಿ. "ಇವರು ಇನ್ನೆರಡು ವಾರಗಳ ನಂತರ ಬದುಕಿರುವ ಸಾಧ್ಯತೆ ಶೇಕಡ ಎಷ್ಟು?" ಎಂದು ಕೇಳುವುದು ಇನ್ನೊಂದು ರೀತಿ. ಎರಡನೆಯ ರೀತಿಯಲ್ಲಿ ಕೇಳಿದಾಗ ವೈದ್ಯರ ಮತ್ತು ದಾದಿಯರ ಉತ್ತರಗಳು ಹೆಚ್ಚು ನಿಖರವಾಗುತ್ತವೆ ಎಂದು ಅಮೆರಿಕದ ಉಪಶಾಮಕ ಆರೈಕೆ ತಜ್ಞ ಡೇವಿಡ್ ಹುಯಿ ಅವರ ತಂಡದ ಕೆಲಸ ತೋರಿಸಿದೆ. ದಾದಿಯರನ್ನು ಕೇಳುವುದು ಔಪಚಾರಿಕತೆಯ ಮಾತಲ್ಲ. ರೋಗಿ ಎಷ್ಟು ತುತ್ತು ತಿಂದರು, ರಾತ್ರಿ ಎಷ್ಟು ಸಲ ಗೊಂದಲಗೊಂಡರು, ಮಗ್ಗುಲು ಬದಲಿಸಲು ನಿನ್ನೆಗಿಂತ ಇಂದು ಎಷ್ಟು ಹೆಚ್ಚು ನೆರವು ಬೇಕಾಯಿತು ಎಂಬುದು ಅವರಿಗೆ ಗೊತ್ತಿರುವಷ್ಟು ಬೇರೆಯವರಿಗೆ ಗೊತ್ತಿರುವುದಿಲ್ಲ.

ಇದರ ಸಂಬಂಧಿಯಾದ ಇನ್ನೊಂದು ವಿಧಾನವೆಂದರೆ "ಇವರು ಇನ್ನು ಒಂದು ವರ್ಷದೊಳಗೆ ತೀರಿಕೊಂಡರೆ ನನಗೆ ಆಶ್ಚರ್ಯವಾಗುತ್ತದೆಯೇ?" ಎಂದು ವೈದ್ಯರು ತಮ್ಮನ್ನೇ ಕೇಳಿಕೊಳ್ಳುವುದು. ಉಪಶಾಮಕ ಆರೈಕೆಯನ್ನು ಯಾರಿಗೆ ಬೇಗ ಪರಿಚಯಿಸಬೇಕು ಎಂದು ಜರಡಿ ಹಿಡಿಯಲು ಇದು ಚೆನ್ನಾಗಿದೆ. ವಾರಗಳ ಲೆಕ್ಕಕ್ಕೆ ಇದನ್ನು ಬಳಸಬಾರದು.

ಚಟುವಟಿಕೆಯ ಮಟ್ಟ

ಕಾರ್ನೋಫ್‌ಸ್ಕಿ ಅಳತೆಗೋಲು, ಅಂದರೆ ರೋಗಿಯ ಚಟುವಟಿಕೆಗೆ 0ಯಿಂದ 100ರವರೆಗೆ ಅಂಕ ಕೊಡುವ ಪಟ್ಟಿ, 1940ರ ದಶಕದ ಕೊನೆಯಿಂದ ಬಳಕೆಯಲ್ಲಿದೆ. ಕ್ಯಾನ್ಸರ್ ತಜ್ಞರು ಹೆಚ್ಚಾಗಿ ಬಳಸುವ ಈಕಾಗ್ ಅಳತೆಗೋಲು 0ಯಿಂದ 5ರವರೆಗಿನದು. ಉಪಶಾಮಕ ಆರೈಕೆಯಲ್ಲಿ ಹೆಚ್ಚು ಉಪಯೋಗಕ್ಕೆ ಬರುವುದು 1996ರಲ್ಲಿ ಕೆನಡಾದ ವಿಕ್ಟೋರಿಯಾದಲ್ಲಿ ರೂಪುಗೊಂಡ ಪ್ಯಾಲಿಯೇಟಿವ್ ಪರ್ಫಾರ್ಮೆನ್ಸ್ ಸ್ಕೇಲ್. ನಡೆದಾಟ, ಚಟುವಟಿಕೆ ಮತ್ತು ರೋಗದ ಕುರುಹು, ಸ್ವಂತ ಆರೈಕೆ, ಆಹಾರ ಸೇವನೆ, ಎಚ್ಚರದ ಮಟ್ಟ ಎಂಬ ಐದು ಅಂಶಗಳನ್ನು ನೋಡಿ ಶೇಕಡ 0ಯಿಂದ 100ರವರೆಗೆ ಹತ್ತರ ಹಂತಗಳಲ್ಲಿ ಅಂಕ ಕೊಡಲಾಗುತ್ತದೆ. ದಿನದ ಹೆಚ್ಚಿನ ಭಾಗ ಹಾಸಿಗೆಯಲ್ಲೇ ಇರುವವರಿಗೆ 40, ಪೂರ್ತಿ ಹಾಸಿಗೆ ಹಿಡಿದು ಎಲ್ಲಕ್ಕೂ ಇತರರನ್ನು ಅವಲಂಬಿಸಿದವರಿಗೆ 30, ಗುಟುಕಿನಷ್ಟೇ ಕುಡಿಯಬಲ್ಲವರಿಗೆ 20 ಎಂದು ಸ್ಥೂಲವಾಗಿ ನೆನಪಿಡಬಹುದು. ಒಂದೇ ಅಂಕಿಗಿಂತ ಅದರ ಇಳಿಕೆಯ ವೇಗ ಹೆಚ್ಚು ಹೇಳುತ್ತದೆ. ಎರಡು ತಿಂಗಳಿಂದ 50ರಲ್ಲೇ ಇರುವವರಿಗೂ, ಹತ್ತು ದಿನಗಳಲ್ಲಿ 70ರಿಂದ 50ಕ್ಕೆ ಇಳಿದವರಿಗೂ ಇಂದಿನ ಅಂಕ ಒಂದೇ ಆದರೂ ಮುಂದಿನ ದಾರಿ ಬೇರೆ.

ವಾರಗಳ ಲೆಕ್ಕಕ್ಕೆ: ಎರಡು ಅಂಕಪಟ್ಟಿಗಳು

ನಿಜವಾದ ಆಯ್ಕೆಯ ಪ್ರಶ್ನೆ ಬರುವುದು ಇಲ್ಲಿ. 1999ರಲ್ಲಿ ಎರಡು ಅಂಕಪಟ್ಟಿಗಳು ಪ್ರಕಟವಾದವು: ಇಟಲಿಯಿಂದ ಪ್ಯಾಲಿಯೇಟಿವ್ ಪ್ರೊಗ್ನಾಸ್ಟಿಕ್ ಸ್ಕೋರ್, ಜಪಾನಿನಿಂದ ತತ್ಸುಯಾ ಮೊರಿತಾ ಅವರ ತಂಡದ ಪ್ಯಾಲಿಯೇಟಿವ್ ಪ್ರೊಗ್ನಾಸ್ಟಿಕ್ ಇಂಡೆಕ್ಸ್. ಹೆಸರುಗಳು ತೀರ ಹತ್ತಿರವಾಗಿರುವುದರಿಂದ ಇಲ್ಲಿ ಅವುಗಳನ್ನು ಪ್ಯಾಪ್ ಮತ್ತು ಪಿಪಿಐ ಎಂದು ಕರೆಯುತ್ತೇನೆ.

ಪ್ಯಾಪ್ ಆರು ಅಂಶಗಳನ್ನು ಕೂಡುತ್ತದೆ. ಉಸಿರಾಟದ ತೊಂದರೆಗೆ 1, ಹಸಿವಿಲ್ಲದಿರುವುದಕ್ಕೆ 1.5, ಕಾರ್ನೋಫ್‌ಸ್ಕಿ ಅಂಕ 10 ಅಥವಾ 20 ಇದ್ದರೆ 2.5, ಬಿಳಿ ರಕ್ತಕಣಗಳ ಸಂಖ್ಯೆ 8,500 ದಾಟಿದರೆ 0.5 ಹಾಗೂ 11,000 ದಾಟಿದರೆ 1.5, ಬಿಳಿ ರಕ್ತಕಣಗಳ ಒಂದು ಬಗೆಯಾದ ಲಿಂಫೋಸೈಟ್‌ಗಳ ಪ್ರಮಾಣ ಶೇಕಡ 20ಕ್ಕಿಂತ ಕಡಿಮೆಯಾದರೆ 1 ಹಾಗೂ 12ಕ್ಕಿಂತ ಕಡಿಮೆಯಾದರೆ 2.5. ಆರನೆಯದು ವೈದ್ಯರ ಅಂದಾಜು: ಹನ್ನೆರಡು ವಾರಗಳಿಗಿಂತ ಹೆಚ್ಚು ಎಂದರೆ ಸೊನ್ನೆ, ಅಲ್ಲಿಂದ ಏರುತ್ತಾ ಹೋಗಿ ಒಂದೆರಡು ವಾರ ಎಂದರೆ 8.5. ಒಟ್ಟು 17.5ರಲ್ಲಿ 5.5ರವರೆಗೆ ಬಂದವರು ಒಂದು ತಿಂಗಳು ಬದುಕಿರುವ ಸಾಧ್ಯತೆ ಶೇಕಡ 70ಕ್ಕಿಂತ ಹೆಚ್ಚು. 11ರವರೆಗೆ ಬಂದವರಿಗೆ 30ರಿಂದ 70. ಅದಕ್ಕಿಂತ ಮೇಲಿನವರಿಗೆ 30ಕ್ಕಿಂತ ಕಡಿಮೆ. ಸನ್ನಿ, ಅಂದರೆ ಡೆಲಿರಿಯಂ ಇದ್ದರೆ ಇನ್ನೂ 2 ಅಂಕ ಸೇರಿಸುವ ಪರಿಷ್ಕೃತ ರೂಪವೂ ಇದೆ.

ಪಿಪಿಐಗೆ ರಕ್ತಪರೀಕ್ಷೆಯೂ ಬೇಡ, ವೈದ್ಯರ ಅಂದಾಜೂ ಬೇಡ. ಪ್ಯಾಲಿಯೇಟಿವ್ ಪರ್ಫಾರ್ಮೆನ್ಸ್ ಸ್ಕೇಲ್ 10 ಅಥವಾ 20 ಆದರೆ 4, 30ರಿಂದ 50 ಆದರೆ 2.5, ಆಹಾರ ಕೆಲವೇ ತುತ್ತುಗಳಿಗೆ ಇಳಿದಿದ್ದರೆ 2.5, ಸ್ವಲ್ಪ ಕಡಿಮೆಯಾಗಿದ್ದರೆ 1. ಮೈಯಲ್ಲಿ ನೀರು ತುಂಬಿದ್ದರೆ 1. ಸುಮ್ಮನೆ ಮಲಗಿದ್ದಾಗಲೂ ಏದುಸಿರು ಇದ್ದರೆ 3.5, ಸನ್ನಿ ಇದ್ದರೆ 4. ಒಟ್ಟು 15. ಮೊತ್ತ 6ನ್ನು ಮೀರಿದರೆ ಮೂರು ವಾರಗಳಿಗಿಂತ ಕಡಿಮೆ, 4ನ್ನು ಮೀರಿದರೆ ಆರು ವಾರಗಳಿಗಿಂತ ಕಡಿಮೆ ಎಂದು ಮೂಲ ಅಧ್ಯಯನ ಹೇಳಿತು. ಮೂರು ವಾರಗಳ ಗಡಿಗೆ ಅದು ಕಂಡ ಸೂಕ್ಷ್ಮತೆ ಶೇಕಡ 80, ನಿರ್ದಿಷ್ಟತೆ ಶೇಕಡ 85: ಆ ಅವಧಿಯೊಳಗೆ ತೀರಿಕೊಂಡ ನೂರರಲ್ಲಿ 80 ಮಂದಿಯನ್ನು ಅದು ಮೊದಲೇ ಗುರುತಿಸಿತ್ತು, ತೀರಿಕೊಳ್ಳದ ನೂರರಲ್ಲಿ 85 ಮಂದಿಯನ್ನು ಸರಿಯಾಗಿ ಬದಿಗಿಟ್ಟಿತ್ತು.

ಎರಡನ್ನೂ ಒಬ್ಬ ಕಾಲ್ಪನಿಕ ರೋಗಿಗೆ ಅನ್ವಯಿಸಿ ನೋಡೋಣ. ಮೇದೋಜೀರಕ ಗ್ರಂಥಿಯ ಕ್ಯಾನ್ಸರ್ ಯಕೃತ್ತಿಗೆ ಹರಡಿದೆ. ರೋಗಿ ಹೆಚ್ಚು ಹೊತ್ತು ಹಾಸಿಗೆಯಲ್ಲೇ ಇರುತ್ತಾರೆ, ಎರಡೂ ಅಳತೆಗೋಲುಗಳಲ್ಲಿ ಅವರ ಅಂಕ 40. ಹಸಿವು ಕುಗ್ಗಿ ಊಟ ಸ್ವಲ್ಪ ಕಡಿಮೆಯಾಗಿದೆ, ಕಾಲುಗಳು ಊದಿವೆ, ಉಸಿರಾಟ ಸರಿಯಿದೆ, ಎರಡು ದಿನಗಳಿಂದ ಸನ್ನಿ ಇದೆ. ಪಿಪಿಐ ಪ್ರಕಾರ 2.5, 1, 1 ಮತ್ತು 4 ಸೇರಿ 8.5, ಅಂದರೆ ಮೂರು ವಾರಗಳೊಳಗೆ. ಆದರೆ ಒಂದೇ ಔಷಧಿಯಿಂದ ಉಂಟಾದ, ಸರಿಹೋಗಬಹುದಾದ ಸನ್ನಿಯನ್ನು ಎಣಿಸಬಾರದೆಂದು ಪಿಪಿಐ ನಿಯಮವೇ ಹೇಳುತ್ತದೆ. ಈಚೆಗೆ ಹೆಚ್ಚಿಸಿದ ಮಾರ್ಫಿನ್ ಮಾತ್ರವೇ ಇದಕ್ಕೆ ಕಾರಣ ಎಂದು ಗೊತ್ತಾದರೆ ಅದೇ ರೋಗಿಯ ಮೊತ್ತ 4.5ಕ್ಕೆ ಇಳಿಯುತ್ತದೆ, ಅವಧಿ ಆರು ವಾರಗಳ ಗುಂಪಿಗೆ ಜರುಗುತ್ತದೆ. ಒಂದು ಔಷಧಿಯ ಚೀಟಿ ನೋಡುವುದರಿಂದ ಅಂದಾಜು ಇಷ್ಟು ಬದಲಾಗುತ್ತದೆಯೆಂದರೆ, ಅಂಕ ಕೂಡುವ ಮೊದಲು ಕಾರಣ ಹುಡುಕುವುದು ಎಷ್ಟು ಮುಖ್ಯ ಎನ್ನುವುದು ತಿಳಿಯುತ್ತದೆ.

ಈಗ ಪ್ಯಾಪ್. ಹಸಿವಿಲ್ಲದ್ದಕ್ಕೆ 1.5, ವೈದ್ಯರು ಐದಾರು ವಾರ ಎಂದರೆ 4.5, ಬಿಳಿ ರಕ್ತಕಣ 12,000, ಆದ್ದರಿಂದ 1.5, ಲಿಂಫೋಸೈಟ್ ಶೇಕಡ 9, ಆದ್ದರಿಂದ 2.5. ಒಟ್ಟು 10, ಮಧ್ಯದ ಗುಂಪು. ಪಕ್ಕದ ಕೊಠಡಿಯ ವೈದ್ಯರು ಮೂರು ನಾಲ್ಕು ವಾರ ಎಂದಿದ್ದರೆ 4.5ರ ಬದಲು 6 ಸೇರಿ 11.5 ಆಗುತ್ತಿತ್ತು, ರೋಗಿ ಕೊನೆಯ ಗುಂಪಿಗೆ ಸೇರುತ್ತಿದ್ದರು. 17.5ರಲ್ಲಿ 8.5 ಅಂಕ ವೈದ್ಯರ ಅಂದಾಜಿನದೇ ಆಗಿರುವುದರಿಂದ ಪ್ಯಾಪ್‌ನ ಬಲ ಮತ್ತು ದೌರ್ಬಲ್ಯ ಎರಡೂ ಅಲ್ಲಿವೆ. ಅನುಭವಿಗಳ ಕೈಯಲ್ಲಿ ಅದು ಪಿಪಿಐಗಿಂತ ಒಂದು ಹೆಜ್ಜೆ ಮುಂದಿರುತ್ತದೆ, ಅನನುಭವಿಗಳ ಕೈಯಲ್ಲಿ ಅವರ ಆಶಾವಾದಕ್ಕೆ ಅಂಕಿಯ ಗೌರವ ತಂದುಕೊಡುತ್ತದೆ.

ರಕ್ತಪರೀಕ್ಷೆಯ ಅಂಶಗಳ ಬಗ್ಗೆ ವಾರ್ಡಿನಲ್ಲಿ ಇನ್ನೂ ಒಂದು ಎಚ್ಚರ ಬೇಕು. ಡೆಕ್ಸಾಮೆಥಸೋನ್‌ನಂಥ ಸ್ಟೀರಾಯ್ಡ್ ಬಿಳಿ ರಕ್ತಕಣಗಳ ಸಂಖ್ಯೆಯನ್ನು ಏರಿಸುತ್ತದೆ, ಲಿಂಫೋಸೈಟ್‌ಗಳ ಪ್ರಮಾಣವನ್ನು ಇಳಿಸುತ್ತದೆ. ಎರಡೂ ಬದಲಾವಣೆಗಳು ಪ್ಯಾಪ್ ಅಂಕವನ್ನು ಒಂದೇ ದಿಕ್ಕಿಗೆ ತಳ್ಳುತ್ತವೆ. ನಮ್ಮ ಕಾಲ್ಪನಿಕ ರೋಗಿಗೆ ಸ್ಟೀರಾಯ್ಡ್ ಆರಂಭಿಸುವ ಮೊದಲು ಬಿಳಿ ರಕ್ತಕಣ 8,000, ಲಿಂಫೋಸೈಟ್ ಶೇಕಡ 16 ಇದ್ದಿದ್ದರೆ ಮೊತ್ತ 10 ಅಲ್ಲ, 7. ಕೀಮೋಥೆರಪಿಯ ನಂತರ ಬಿಳಿ ರಕ್ತಕಣ ಹೆಚ್ಚಿಸಲು ಕೊಡುವ ಚುಚ್ಚುಮದ್ದಿನಿಂದಲೂ, ಯಾವುದೇ ಸೋಂಕಿನಿಂದಲೂ ಇಂಥದೇ ಗೊಂದಲ ಉಂಟಾಗುತ್ತದೆ. ಹಾಗಾಗಿ ಸ್ಟೀರಾಯ್ಡ್ ತೆಗೆದುಕೊಳ್ಳುತ್ತಿರುವವರಿಗೆ, ಮತ್ತು ಬೇರೆ ಕಾರಣಕ್ಕೆ ರಕ್ತ ತೆಗೆಯುವ ಅಗತ್ಯವೇ ಇಲ್ಲದವರಿಗೆ, ಪಿಪಿಐ ಹೆಚ್ಚು ಹೊಂದುತ್ತದೆ. ರಕ್ತದ ಕ್ಯಾನ್ಸರ್‌ಗಳಿಗೆ ಪ್ಯಾಪ್ ರೂಪಿಸಿದ್ದೇ ಅಲ್ಲ. ಅಲ್ಲಿ ಬಿಳಿ ರಕ್ತಕಣದ ಸಂಖ್ಯೆಯ ಅರ್ಥವೇ ಬೇರೆ.

ಪಿಪ್ಸ್ ಮತ್ತು ಗ್ಲಾಸ್ಗೋ ಸ್ಕೋರ್

2011ರಲ್ಲಿ ಬ್ರಿಟನ್ನಿನ 1,018 ರೋಗಿಗಳ ಮಾಹಿತಿಯಿಂದ ಪಿಪ್ಸ್ ಎಂಬ ಮಾದರಿ ರೂಪುಗೊಂಡಿತು. ನಾಡಿಬಡಿತ, ಹಸಿವು, ಏದುಸಿರು, ಮಾನಸಿಕ ಸ್ಥಿತಿಯ ಚಿಕ್ಕ ಪರೀಕ್ಷೆ, ಕ್ಯಾನ್ಸರ್ ಎಲ್ಲಿಗೆ ಹರಡಿದೆ ಎಂಬ ವಿವರ ಮುಂತಾದವನ್ನು ಸೇರಿಸಿ ಅದು ರೋಗಿಯನ್ನು ದಿನಗಳ, ವಾರಗಳ ಅಥವಾ ತಿಂಗಳುಗಳ ಗುಂಪಿಗೆ ಸೇರಿಸುತ್ತದೆ. ಎರಡು ವಾರ ಮತ್ತು ಎಂಟು ವಾರ ಇದರ ಗಡಿಗಳು. ಎ ರೂಪಕ್ಕೆ ರಕ್ತಪರೀಕ್ಷೆ ಬೇಡ, ಬಿ ರೂಪಕ್ಕೆ ಬೇಕು. ಕೈಯಲ್ಲಿ ಕೂಡಲು ಆಗದು, ಗಣಕದ ನೆರವು ಬೇಕೇಬೇಕು. ನಂತರದ ದೊಡ್ಡ ಪರಿಶೀಲನೆಯಲ್ಲಿ ಬಿ ರೂಪ ಒಬ್ಬ ವೈದ್ಯ ಮತ್ತು ಒಬ್ಬ ದಾದಿ ಕೂಡಿ ಒಪ್ಪಿಕೊಂಡ ಅಂದಾಜಿಗೆ ಸರಿಸಮವಾಗಿ ನಿಂತಿತು, ಮೀರಲಿಲ್ಲ. ಇದನ್ನು ಪಿಪ್ಸ್‌ನ ಸೋಲೆಂದು ಓದುವವರಿದ್ದಾರೆ. ನಾನು ಹಾಗೆ ಓದುವುದಿಲ್ಲ. ಇಬ್ಬರು ಅನುಭವಿಗಳು ಸಿಗದ ವಾರ್ಡಿನಲ್ಲಿ ಅವರ ಮಟ್ಟದ ಅಂದಾಜು ಸಿಗುವುದು ಸಣ್ಣ ಸಂಗತಿಯಲ್ಲ. ಅದೇ ಫಲಿತಾಂಶ ಇನ್ನೊಂದನ್ನೂ ಹೇಳುತ್ತದೆ: ಇಬ್ಬರು ಕುಳಿತು ಮಾತನಾಡಿ ಒಂದು ಅಂದಾಜಿಗೆ ಬರುವುದು ಯಾವ ಸೂತ್ರಕ್ಕೂ ಕಡಿಮೆಯಲ್ಲದ ವಿಧಾನ.

ಗ್ಲಾಸ್ಗೋ ಸ್ಕೋರ್ ಅತ್ಯಂತ ಸರಳ. ಪರಿಷ್ಕೃತ ರೂಪದಲ್ಲಿ, ಉರಿಯೂತ ಇದ್ದಾಗ ರಕ್ತದಲ್ಲಿ ಏರುವ ಸಿ-ರಿಯಾಕ್ಟಿವ್ ಪ್ರೋಟೀನ್ ಲೀಟರಿಗೆ 10 ಮಿಲಿಗ್ರಾಂ ದಾಟಿದರೆ 1, ಅದರ ಜೊತೆಗೆ ರಕ್ತದ ಇನ್ನೊಂದು ಪ್ರೋಟೀನ್ ಆದ ಅಲ್ಬುಮಿನ್ ಲೀಟರಿಗೆ 35 ಗ್ರಾಂಗಿಂತ ಕೆಳಗಿದ್ದರೆ 2. ಹೊರರೋಗಿಯ ತಿಂಗಳುಗಳ ಲೆಕ್ಕಕ್ಕೆ ಇದು ಚೆನ್ನಾಗಿದೆ. ಆಸ್ಪತ್ರೆಯಲ್ಲಿ ಮಲಗಿರುವ ಮುಂದುವರಿದ ರೋಗದವರಲ್ಲಿ ಹೆಚ್ಚಿನವರು 2 ಅಂಕಕ್ಕೇ ಬಂದು ನಿಲ್ಲುವುದರಿಂದ ಯಾರಿಗೆ ವಾರ, ಯಾರಿಗೆ ತಿಂಗಳು ಎಂದು ಬೇರ್ಪಡಿಸಲು ಸಹಾಯ ಕಡಿಮೆ. ತೀವ್ರ ನಿಗಾ ಘಟಕದ ಅಪಾಚೆ, ಸೋಫಾ ಅಂಕಗಳೂ ಈ ಕೆಲಸಕ್ಕೆ ಅಲ್ಲ. ಅವು ಅಂಗಗಳು ಹಠಾತ್ತನೆ ಕೈಕೊಟ್ಟಾಗಿನ ಅಪಾಯವನ್ನು ಅಳೆಯುತ್ತವೆ.

ಕೊನೆಯ ಮೂರು ದಿನಗಳು

ಇಲ್ಲಿ ಅಂಕಪಟ್ಟಿಗಳನ್ನು ಬದಿಗಿಟ್ಟು ಹಾಸಿಗೆಯ ಬಳಿ ನಿಂತು ನೋಡಬೇಕು. ಡೇವಿಡ್ ಹುಯಿ ಅವರ ತಂಡ ಅಮೆರಿಕ ಮತ್ತು ಬ್ರೆಜಿಲ್‌ನ ಎರಡು ಕ್ಯಾನ್ಸರ್ ಕೇಂದ್ರಗಳಲ್ಲಿ 357 ರೋಗಿಗಳನ್ನು ದಿನಕ್ಕೆ ಎರಡು ಸಲ ಗಮನಿಸಿ ದಾಖಲಿಸಿತು. ಮಣಿಕಟ್ಟಿನ ನಾಡಿ ಸಿಗದಿರುವುದು, ಪ್ರತಿ ಉಸಿರಿಗೂ ಕೆಳದವಡೆ ಅಲುಗುವ ಮೇಲುಸಿರು, ಮೂತ್ರ ತೀರ ಕಡಿಮೆಯಾಗುವುದು, ಉಸಿರು ಏರಿ ಇಳಿದು ನಡುವೆ ನಿಂತು ಮತ್ತೆ ಆರಂಭವಾಗುವ ಚೇಯ್ನ್-ಸ್ಟೋಕ್ಸ್ ಉಸಿರಾಟ, ಗಂಟಲಲ್ಲಿ ಗೊರಗೊರ ಸದ್ದು ಇವು ಕಂಡರೆ ಮೂರು ದಿನಗಳೊಳಗೆ ಸಾವು ಬರುವ ಸಾಧ್ಯತೆ ತುಂಬ ಹೆಚ್ಚು ಎಂದು ಆ ಅಧ್ಯಯನ ತೋರಿಸಿತು. ಕಣ್ಣಿನ ಪಾಪೆ ಬೆಳಕಿಗೆ ಸ್ಪಂದಿಸದಿರುವುದು, ರೆಪ್ಪೆಗಳನ್ನು ಪೂರ್ತಿ ಮುಚ್ಚಲಾಗದಿರುವುದು, ಮೂಗಿನ ಪಕ್ಕದಿಂದ ಬಾಯಿಯ ಅಂಚಿಗೆ ಇಳಿಯುವ ಗೆರೆ ಜೋಲುವುದು, ಕುತ್ತಿಗೆ ಹಿಂದಕ್ಕೆ ಬಾಗುವುದು, ಕರೆದರೆ ಓಗೊಡದಿರುವುದು ಕೂಡ ಇದೇ ಗುಂಪಿನ ಚಿಹ್ನೆಗಳು.

ಈ ಚಿಹ್ನೆಗಳ ಸ್ವಭಾವವನ್ನು ಸರಿಯಾಗಿ ಅರಿಯಬೇಕು. ಇವು ಕಂಡರೆ ಹೆಚ್ಚು ಕಡಿಮೆ ಖಚಿತ. ಕಾಣದಿದ್ದರೆ ಏನೂ ಖಚಿತವಲ್ಲ. ಅನೇಕರಲ್ಲಿ ಇವುಗಳಲ್ಲಿ ಕೆಲವು ಕಾಣಿಸಿಕೊಳ್ಳುವುದೇ ಇಲ್ಲ, ರಕ್ತಸ್ರಾವದಿಂದಲೋ ಶ್ವಾಸಕೋಶಕ್ಕೆ ಹೆಪ್ಪು ಸೇರಿದ್ದರಿಂದಲೋ ಹಠಾತ್ತಾಗಿ ತೀರಿಕೊಳ್ಳುವವರೂ ಇದ್ದಾರೆ. ಆದ್ದರಿಂದ "ಇನ್ನೂ ಆ ಲಕ್ಷಣಗಳು ಬಂದಿಲ್ಲ, ನೀವು ನಾಳೆ ಬನ್ನಿ" ಎಂದು ಮನೆಯವರಿಗೆ ಹೇಳಿ ಕಳಿಸಬಾರದು. ಗೊರಗೊರ ಸದ್ದು ಕೇಳಿದವರಿಗೆ ರೋಗಿ ಉಸಿರುಗಟ್ಟಿ ನರಳುತ್ತಿದ್ದಾರೆ ಎಂಬ ಭಯವಾಗುತ್ತದೆ. ಎಚ್ಚರವೇ ಇಲ್ಲದ ಆ ಸ್ಥಿತಿಯಲ್ಲಿ ಆ ಸದ್ದು ಬಹುಮಟ್ಟಿಗೆ ನೋಡುವವರನ್ನು ಕಾಡುವಷ್ಟು ರೋಗಿಯನ್ನು ಕಾಡುವುದಿಲ್ಲ ಎಂದು ಮೊದಲೇ ಹೇಳಿಡುವುದು ದೊಡ್ಡ ಉಪಕಾರ.

ಅದೇ ಅಂಕ, ಬೇರೆ ವಾರ್ಡು

ಪಿಪಿಐನ ಮೂಲ ಅಂಕಿಗಳನ್ನೇ ತೆಗೆದುಕೊಂಡು ಒಂದು ಲೆಕ್ಕ ಹಾಕೋಣ. ಹಾಸ್ಪಿಸ್ ಒಂದರಲ್ಲಿ ನೂರು ಜನರಿದ್ದು, ಅವರಲ್ಲಿ 60 ಮಂದಿ ಮೂರು ವಾರಗಳೊಳಗೆ ತೀರಿಕೊಳ್ಳುವವರು ಎಂದಿಟ್ಟುಕೊಳ್ಳಿ. ಪಿಪಿಐ ಅವರಲ್ಲಿ 48 ಮಂದಿಯನ್ನು ಗುರುತಿಸುತ್ತದೆ, ಉಳಿದ 40 ಮಂದಿಯಲ್ಲಿ 6 ಮಂದಿಯನ್ನು ತಪ್ಪಾಗಿ ಸೇರಿಸುತ್ತದೆ. ಗುರುತಿಸಿದ 54ರಲ್ಲಿ ತಪ್ಪು ಆರೇ. ಈಗ ಸಾಮಾನ್ಯ ವಾರ್ಡಿನ ನೂರು ಜನರಲ್ಲಿ ಮೂರು ವಾರಗಳೊಳಗೆ ತೀರಿಕೊಳ್ಳುವವರು 20 ಮಂದಿ ಮಾತ್ರ ಎಂದಿಟ್ಟುಕೊಳ್ಳಿ. ಗುರುತಿಸುವುದು 16 ಮಂದಿಯನ್ನು, ತಪ್ಪಾಗಿ ಸೇರಿಸುವುದು 80ರಲ್ಲಿ 12 ಮಂದಿಯನ್ನು. ಗುರುತಿಸಿದ 28ರಲ್ಲಿ 12 ತಪ್ಪು. ಸೂತ್ರವೂ ಅದೇ, ನಿಖರತೆಯ ಅಂಕಿಗಳೂ ಅವೇ, ಆದರೆ ವಾರ್ಡಿನಲ್ಲಿ ಅದು ಹೇಳಿದ "ಮೂರು ವಾರ" ಸುಮಾರು ಅರ್ಧದಷ್ಟು ಸಲ ಸುಳ್ಳಾಗುತ್ತದೆ. ಇಷ್ಟೊಂದು ಅನಿಶ್ಚಿತತೆಯ ಆಧಾರದ ಮೇಲೆ ಯಾರಿಗೂ ಚಿಕಿತ್ಸೆಯನ್ನು ನಿರಾಕರಿಸಬಾರದು. ಮಾತುಕತೆಯನ್ನು ಆರಂಭಿಸಲು ಮಾತ್ರ ಇದು ಧಾರಾಳವಾಗಿ ಸಾಕು.

ಎರಡನೆಯ ತೊಡಕು ಸರಿಪಡಿಸಬಹುದಾದ ಕಾರಣಗಳದ್ದು. ಎದೆಗೂಡಿನಲ್ಲಿ ನೀರು ತುಂಬಿ ಏದುಸಿರು ಬಂದವರಿಗೆ ಆ ನೀರನ್ನು ತೆಗೆದರೆ ಪಿಪಿಐನ 3.5 ಅಂಕ ಅದೇ ಸಂಜೆ ಮಾಯವಾಗಬಹುದು. ಕ್ಯಾಲ್ಸಿಯಂ ಏರಿಕೆ, ಸೋಂಕು, ನಿರ್ಜಲೀಕರಣ, ಮೂತ್ರ ಕಟ್ಟಿಕೊಂಡದ್ದು, ಮಲಬದ್ಧತೆ ಇವೆಲ್ಲವೂ ಸನ್ನಿಗೆ ಕಾರಣವಾಗಬಲ್ಲವು. ದಾಖಲಾದ ಮೊದಲ ದಿನವೇ ಅಂಕ ಕೂಡಿ ಭವಿಷ್ಯ ಹೇಳುವುದಕ್ಕಿಂತ, ಇವುಗಳಿಗೆ ಚಿಕಿತ್ಸೆ ಕೊಟ್ಟು ಎರಡು ಮೂರು ದಿನಗಳ ನಂತರ ಮತ್ತೆ ಕೂಡುವುದು ಮೇಲು. ಚಿಕಿತ್ಸೆಗೆ ಸ್ಪಂದಿಸಿ ಅಂಕ ಸುಧಾರಿಸಿದರೆ ಅದು ಒಂದು ಸುದ್ದಿ, ಕಾರಣ ಸರಿಹೋದರೂ ಅಂಕ ಸುಧಾರಿಸದಿದ್ದರೆ ಅದು ಇನ್ನೂ ಮುಖ್ಯವಾದ ಸುದ್ದಿ.

ಮೂರನೆಯದು ಚಿಕಿತ್ಸೆಯಲ್ಲಾದ ಬದಲಾವಣೆ. ಪ್ಯಾಪ್ ಮತ್ತು ಪಿಪಿಐ ಹುಟ್ಟಿದ ಕಾಲದಲ್ಲಿ ದೇಹದ ರೋಗನಿರೋಧಕ ಶಕ್ತಿಯನ್ನು ಕ್ಯಾನ್ಸರ್ ವಿರುದ್ಧ ಎಬ್ಬಿಸುವ ಇಂದಿನ ಬಗೆಯ ಇಮ್ಯುನೋಥೆರಪಿ ಇರಲಿಲ್ಲ, ನಿರ್ದಿಷ್ಟ ಜೀನ್ ಬದಲಾವಣೆಯನ್ನೇ ಗುರಿಯಾಗಿಸುವ ಮಾತ್ರೆಗಳೂ ಸಾಮಾನ್ಯ ಬಳಕೆಗೆ ಬಂದಿರಲಿಲ್ಲ. ಇಜಿಎಫ್‌ಆರ್ ಅಥವಾ ಎಎಲ್‌ಕೆ ಎಂಬ ಜೀನ್‌ನಲ್ಲಿ ಬದಲಾವಣೆ ಇರುವ ಶ್ವಾಸಕೋಶದ ಕ್ಯಾನ್ಸರ್ ಹೊಸದಾಗಿ ಪತ್ತೆಯಾಗಿ, ಇನ್ನೂ ಯಾವ ಔಷಧಿಯನ್ನೂ ಪಡೆಯದ ರೋಗಿ ಹಾಸಿಗೆ ಹಿಡಿದಿದ್ದರೂ ಮಾತ್ರೆ ಆರಂಭಿಸಿದ ಕೆಲವು ವಾರಗಳಲ್ಲಿ ಎದ್ದು ಓಡಾಡಬಲ್ಲರು. ಲಿಂಫೋಮಾ, ವೃಷಣದ ಕ್ಯಾನ್ಸರ್, ಸಣ್ಣ ಜೀವಕೋಶದ ಶ್ವಾಸಕೋಶ ಕ್ಯಾನ್ಸರ್‌ನಂತಹ, ಕೀಮೋಥೆರಪಿಗೆ ಬೇಗ ಕರಗುವ ಗೆಡ್ಡೆಗಳ ವಿಷಯವೂ ಹೀಗೆಯೇ. ಮೊದಲ ಚಿಕಿತ್ಸೆಯೇ ಇನ್ನೂ ಬಾಕಿ ಇರುವ ಇಂಥವರಿಗೆ ಮೇಲಿನ ಯಾವ ಅಂಕಪಟ್ಟಿಯನ್ನೂ ಬಳಸಬಾರದು ಎಂಬುದು ನನ್ನ ದೃಢವಾದ ಅಭಿಪ್ರಾಯ.

ಹಾಗಾದರೆ ಯಾವುದು?

ಅನುಭವಿ ವೈದ್ಯರಿದ್ದು, ಇತ್ತೀಚಿನ ರಕ್ತಪರೀಕ್ಷೆ ಕೈಯಲ್ಲಿದ್ದು, ಸ್ಟೀರಾಯ್ಡ್ ಮತ್ತು ಸೋಂಕಿನ ಗೊಂದಲ ಇಲ್ಲದಿದ್ದರೆ ತಿಂಗಳೊಳಗಿನ ಅಂದಾಜಿಗೆ ನಾನು ಪ್ಯಾಪ್ ಆರಿಸುತ್ತೇನೆ, ಏಕೆಂದರೆ ಅದು ಸಾಧ್ಯತೆಯನ್ನು ಶೇಕಡದಲ್ಲಿ ಹೇಳುತ್ತದೆ, ಮತ್ತು ಅನೇಕ ದೇಶಗಳಲ್ಲಿ ಮತ್ತೆ ಮತ್ತೆ ಪರೀಕ್ಷೆಗೆ ಒಳಗಾಗಿದೆ. ಮನೆಯಲ್ಲಿ ಆರೈಕೆ ನಡೆಯುತ್ತಿದ್ದರೆ, ಕಿರಿಯ ವೈದ್ಯರು ಅಥವಾ ದಾದಿಯರೇ ಅಂಕ ಕೂಡಬೇಕಾಗಿದ್ದರೆ, ಅಥವಾ ಸ್ಟೀರಾಯ್ಡ್ ನಡೆಯುತ್ತಿದ್ದರೆ ಪಿಪಿಐ. ಗಣಕ, ರಕ್ತಪರೀಕ್ಷೆ ಎರಡೂ ಇದ್ದು ಎರಡನೆಯ ಅನುಭವಿ ಸಿಗದಿದ್ದರೆ ಪಿಪ್ಸ್‌ನ ಬಿ ರೂಪ. ದಿನಗಳ ಪ್ರಶ್ನೆಗೆ ಹಾಸಿಗೆಯ ಬಳಿಯ ಚಿಹ್ನೆಗಳು. ಎಲ್ಲದರ ಜೊತೆಗೂ ಚಟುವಟಿಕೆಯ ಮಟ್ಟವನ್ನು ದಿನಾಂಕ ಸಹಿತ ಬರೆದಿಡುವುದು. ವೈದ್ಯರ ಅಂದಾಜು ಮತ್ತು ಅಂಕಪಟ್ಟಿ ಒಂದನ್ನೊಂದು ವಿರೋಧಿಸಿದರೆ ಎರಡರ ಸರಾಸರಿ ತೆಗೆಯಬೇಡಿ, ವಿರೋಧಕ್ಕೆ ಕಾರಣ ಹುಡುಕಿ. ಬಹಳ ಸಲ ಅದು ಸರಿಪಡಿಸಬಹುದಾದ ಒಂದು ತೊಂದರೆಯಾಗಿರುತ್ತದೆ, ಇಲ್ಲವೇ ಯಾರೂ ಬಾಯಿಬಿಟ್ಟು ಹೇಳದ ಒಂದು ಆಸೆಯಾಗಿರುತ್ತದೆ.

ಅಂದಾಜನ್ನು ಹೇಳುವಾಗ

ಮೊದಲು ರೋಗಿಯನ್ನು ಕೇಳಬೇಕು: ಎಷ್ಟು ತಿಳಿಯಲು ಇಷ್ಟ, ಯಾರ ಎದುರು ಮಾತನಾಡಬಹುದು? ತಿಳಿಯಲು ಇಷ್ಟವಿಲ್ಲ ಎನ್ನುವುದು ಅವರ ಹಕ್ಕು. ಆದರೆ ಅವರು ಹಾಗೆ ಹೇಳುವ ಮೊದಲೇ ಮನೆಯವರು ಅವರ ಪರವಾಗಿ ಹೇಳಿಬಿಡುವುದು ಹಕ್ಕಲ್ಲ. ಹೇಳುವಾಗ ಒಂದೇ ಅಂಕಿ ಬೇಡ. "ಇಪ್ಪತ್ತೊಂದು ದಿನ" ಎಂದರೆ ಮನೆಯವರು ಆ ದಿನಾಂಕವನ್ನು ಎಣಿಸುತ್ತಾ ಕೂರುತ್ತಾರೆ. ರೋಗಿ ಮೊದಲೇ ತೀರಿಕೊಂಡರೆ ಮೋಸವಾಯಿತೆಂದು, ನಂತರವೂ ಇದ್ದರೆ ವೈದ್ಯರಿಗೆ ಏನೂ ಗೊತ್ತಿಲ್ಲವೆಂದು ಭಾವಿಸುತ್ತಾರೆ. "ವಾರಗಳ ಲೆಕ್ಕದಲ್ಲಿದೆ, ತಿಂಗಳುಗಳ ಲೆಕ್ಕದಲ್ಲಿ ಇರಲಿಕ್ಕಿಲ್ಲ, ಹಠಾತ್ತಾಗಿ ಸ್ಥಿತಿ ಕೆಟ್ಟರೆ ದಿನಗಳೂ ಆಗಬಹುದು" ಎನ್ನುವುದು ಪ್ರಾಮಾಣಿಕವೂ ಹೌದು, ಮುಂದಿನ ವಾರ ಏನು ಮಾಡಬೇಕೆಂದು ತೀರ್ಮಾನಿಸಲು ಸಾಕಾಗುವಷ್ಟು ಸ್ಪಷ್ಟವೂ ಹೌದು. ಅದರ ಬೆನ್ನಿಗೇ, ಅಷ್ಟು ಸಮಯದಲ್ಲಿ ಅವರಿಗೆ ಮುಖ್ಯವಾದದ್ದೇನು ಎಂದು ಕೇಳಬೇಕು.

ಕೇಸ್ ಹಾಳೆಯಲ್ಲಿ ಬರೆಯುವುದೂ ಅಷ್ಟೇ ಅವಶ್ಯಕ. ಯಾವ ವಿಧಾನ ಬಳಸಲಾಯಿತು, ಮೊತ್ತ ಎಷ್ಟು, ಯಾವ ಅಂಶಗಳು ಅದನ್ನು ಏರಿಸಿದವು, ಸರಿಪಡಿಸಬಹುದಾದ ಯಾವ ಕಾರಣಕ್ಕೆ ಚಿಕಿತ್ಸೆ ನಡೆಯುತ್ತಿದೆ, ರೋಗಿಗೂ ಮನೆಯವರಿಗೂ ಯಾವ ಮಾತುಗಳಲ್ಲಿ ಹೇಳಲಾಯಿತು, ಮತ್ತೆ ಯಾವ ದಿನ ಅಂದಾಜು ಮಾಡಬೇಕು ಎಂಬುದಿಷ್ಟೂ ಅಲ್ಲಿರಬೇಕು. ಹಾಗಿದ್ದಾಗ ಪಾಳಿ ಬದಲಾದರೂ ರಾತ್ರಿ ಕರೆಗೆ ಬಂದ ವೈದ್ಯರು ಹಗಲಿನಲ್ಲಿ ಆದ ಮಾತಿಗೆ ತಕ್ಕಂತೆ ನಡೆದುಕೊಳ್ಳಬಲ್ಲರು.